ಹಡಗು ಯಾರಿಗೆ ಕಾಯುತ್ತದೆ?

ಇಲ್ಲಿ ಬರೆಯದೇ ತುಂಬಾ ದಿನ ಆಗಿಬಿಟ್ಟಿದೆ. ಆಫೀಸು, ರಿಲೀಸು, ಊರಿಂದ ಅಪ್ಪ-ಅಮ್ಮ ಬಂದದ್ದು, ಅವರು ವಾಪಸ್ ಹೋದ ಮೇಲೆ ಮನೆ ಬಿಕೋ ಅಂದದ್ದು... ನೆಪಗಳಿಗೇನು ಬರ! ಮೊನ್ನೆ ಆಫೀಸಿನ ಗೆಳೆಯನೊಬ್ಬ ಊಟದ ಹೊತ್ತಲ್ಲಿ ಕೇಳಿದ: "ಅಪ್ಪ ಅಮ್ಮನ್ನ ಅಲಾಸ್ಕಾ ಕ್ರೂಸ್‌ಗೆ ಕರ್ಕೊಂಡು ಹೋಗ್ತಿದೀನಿ ಕಣೋ. ಒಂದೊಂದು ಊರಲ್ಲಿ ಇಳಿದಾಗ ಹಡಗಿನವರ ಟೂರ್ ತಗೊಳ್ಳೋದಾ, ಇಲ್ಲಾ ನಾವೇ ಸುತ್ತಿ ಬರೋದಾ?" ಎರಡು ಸಾಲಲ್ಲಿ ಉತ್ತರ ಹೇಳೋಣ ಅಂತ ಬಾಯಿ ತೆಗೆದೆ. ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಕ್ರೂಸ್ ಹೋಗದವರಿಗೆ ಸ್ವಲ್ಪ ಹಿನ್ನೆಲೆ. ಸಿಯಾಟಲ್‌ನಿಂದ ಹೊರಟ ಹಡಗು ಏಳು ದಿನ ಸುತ್ತಿ ಮತ್ತೆ ಸಿಯಾಟಲ್‌ಗೇ ಬರುತ್ತದೆ. ನಡುವೆ ಅಲಾಸ್ಕಾದ ಮೂರು ಊರು: ಜುನೋ, ಸ್ಕ್ಯಾಗ್‌ವೇ, ಕೆಚಿಕಾನ್. ಕೊನೆಗೆ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ. ಈ ವಿಕ್ಟೋರಿಯಾ ಯಾಕೆ ಅಂದರೆ, ಅಮೆರಿಕದಲ್ಲಿ 1886ರದ್ದೊಂದು ಕಾನೂನಿದೆ. ಹೊರದೇಶದ ಬಾವುಟ ಹೊತ್ತ ಹಡಗು ಬರೀ ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸುತ್ತಿಸಿ ವಾಪಸ್ ತರುವ ಹಾಗಿಲ್ಲ, ಬೇರೆ ದೇಶದ ಬಂದರೊಂದನ್ನಾದರೂ ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಮ್ಮಿ ಎಲ್ಲವೂ ಹೊರದೇಶದ ಬಾವುಟದವೇ. ಈ ಒಂದು ಸಂಜೆಯ ಸಲುವಾಗಿ ಅಪ್ಪ-ಅಮ್ಮನಿಗೆ ಕೆನಡಾದ ವೀಸಾ ಬೇರೆ ಮಾಡಿಸಬೇಕಾಯ್ತು. ನಮ್ಮ ಪಾಸ್‌ಪೋರ್ಟಿನವರು ಇದನ್ನು ಮರೆತರೆ ಸಿಯಾಟಲ್‌ನಲ್ಲೇ ಹಡಗು ಹತ್ತಿಸಿಕೊಳ್ಳುವುದಿಲ್ಲ, ನೆನಪಿರಲಿ.

ಪ್ರತಿ ಊರಲ್ಲೂ ಐದಾರು ಗಂಟೆಯಿಂದ ಹತ್ತು ಗಂಟೆವರೆಗೆ ಹಡಗು ನಿಲ್ಲುತ್ತದೆ. ಇಳಿದು ಏನು ಮಾಡಬೇಕು ಅನ್ನುವುದಕ್ಕೆ ಎರಡು ದಾರಿ. ಒಂದು, ಹಡಗಿನವರೇ ಮಾರುವ ಟೂರು. ಬಸ್ಸು, ಗೈಡು ಎಲ್ಲ ಅವರದೇ, ದುಬಾರಿ. ಆದರೆ ಆ ಬಸ್ಸು ಲೇಟಾದರೆ ಹಡಗು ಕಾಯುತ್ತದೆ. ಇನ್ನೊಂದು, ನಮ್ಮ ಪಾಡಿಗೆ ನಾವು ಸುತ್ತುವುದು. ಅಗ್ಗ, ಆರಾಮು, ಎಲ್ಲಿ ಬೇಕಾದರೂ ಕೂರಬಹುದು. ಆದರೆ ಲೇಟಾದರೆ ಹಡಗು ನಮ್ಮನ್ನು ಬಿಟ್ಟು ಹೋಗುತ್ತದೆ.

ಬಿಟ್ಟು ಹೋಗುತ್ತದೆ ಅಂದರೆ ಎಷ್ಟು ಫಜೀತಿ ಅನ್ನುವುದು ಅಲಾಸ್ಕಾದ ಮ್ಯಾಪ್ ನೋಡಿದರೆ ಗೊತ್ತಾಗುತ್ತೆ. ಜುನೋ ಅಲಾಸ್ಕಾದ ರಾಜಧಾನಿ. ಅಲ್ಲಿಂದ ಹೊರಗಿನ ಯಾವ ಊರಿಗೂ ರಸ್ತೆ ಇಲ್ಲ. ವಿಮಾನ, ಇಲ್ಲಾ ಹಡಗು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, "ರಾಜಧಾನಿಗೇ ಬಸ್ಸಿಲ್ವಾ ಮಾರಾಯ!" ಅಂದಿದ್ದರು.

ಅಪ್ಪ ಹಾಗೆ ಕೇಳಿದ್ದಕ್ಕೆ ಕಾರಣ ಇದೆ. ಅವರು ಕೆ.ಎಸ್.ಆರ್.ಟಿ.ಸಿ.ಯಲ್ಲಿ ಕಂಡಕ್ಟರ್ ಆಗಿ ಸೇರಿ, ಕೊನೆಯ ಹನ್ನೆರಡು ವರ್ಷ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ರಿಟೈರ್ ಆದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಅಂತ ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಟೀ ಕುಡಿಯುತ್ತಾ ನಿಂತ ಡ್ರೈವರನ್ನು ಎಬ್ಬಿಸಿ ಕಳಿಸುವುದು ಅವರ ಕೆಲಸ. ರಿಟೈರ್ ಆದ ಮೇಲೂ ಎಡಗೈಲಿ ಅದೇ ಹಳೇ ಎಚ್ಎಂಟಿ ವಾಚು. ದಿನಾ ಬೆಳಿಗ್ಗೆ ಕೀ ಕೊಡಬೇಕು.

ಇಂಥವರನ್ನು ಕರೆದುಕೊಂಡು ಹೋಗುವಾಗ ನಾನು ಏನು ಮಾಡಿದೆ? ಸಾಫ್ಟ್‌ವೇರ್ ಇಂಜಿನಿಯರ್ ಏನು ಮಾಡುತ್ತಾನೋ ಅದನ್ನೇ. ಎಕ್ಸೆಲ್ ಶೀಟು! ಊರು, ನೋಡುವ ಜಾಗ, ಹಡಗಿನವರ ರೇಟು, ನಾವೇ ಹೋದರೆ ರೇಟು, ಅಮ್ಮ ಎಷ್ಟು ನಡೆಯಬೇಕು, ಟಾಯ್ಲೆಟ್ ಇದೆಯಾ, ಕೊನೆಯ ಕಾಲಂ "ರಿಸ್ಕ್". ಅಪ್ಪನಿಗೆ ತೋರಿಸಲೇ ಇಲ್ಲ. "ನೀವು ಆರಾಮಾಗಿ ಬನ್ನಿ ಅಪ್ಪ, ಎಲ್ಲ ಪ್ಲಾನ್ ಮಾಡಿದೀನಿ" ಅಂದೆ. ಅವರು "ಆಯ್ತಪ್ಪ" ಅಂದರು.

ಮೊದಲು ಸಿಕ್ಕಿದ್ದು ಜುನೋ. ಅಲ್ಲಿ ಹಡಗಿನವರ ಟೂರನ್ನೇ ತಗೊಂಡಿದ್ದೆ. ಮೆಂಡೆನ್‌ಹಾಲ್ ಹಿಮನದಿ ಊರಿಂದ ಸುಮಾರು 20 ಕಿಲೋಮೀಟರ್. ಹಿಮನದಿ ಅಂದರೆ ಏನೋ ಅಂದುಕೊಂಡಿದ್ದ ಅಮ್ಮ ಸರೋವರದ ಆಚೆ ಆ ನೀಲಿ ಮಂಜುಗಡ್ಡೆಯ ಗುಡ್ಡ ಕಂಡದ್ದೇ ಸುಮ್ಮನೆ ನಿಂತುಬಿಟ್ಟಳು. ಪಕ್ಕದಲ್ಲೇ ನಗೆಟ್ ಫಾಲ್ಸ್ ಅಂತ ದೊಡ್ಡ ಜಲಪಾತ. ಅಲ್ಲಿಗೆ ನಡೆಯುವ ದಾರಿ ಒಂದು ಕಡೆಗೆ ಒಂದೂವರೆ ಕಿಲೋಮೀಟರ್ ಚಿಲ್ಲರೆ, ಹೆಚ್ಚುಕಮ್ಮಿ ಸಪಾಟು. ಗೈಡು ಕೊಟ್ಟದ್ದು ಒಂದೂಕಾಲು ಗಂಟೆ. ಅಮ್ಮನ ಮಂಡಿಗೆ ಅದು ಸಾಲದು. ನೀರಿನ ಸದ್ದು ಜೋರಾಗಿ ಕೇಳಿಸುತ್ತಿತ್ತು, ಇನ್ನೇನು ಹತ್ತು ನಿಮಿಷ ಅನ್ನುವಾಗ ಅಪ್ಪ ವಾಚು ನೋಡಿದರು. "ಅರ್ಧ ಟೈಮ್ ಆಯ್ತು. ತಿರುಗಿ."

ತಿರುಗಿದೆವು. ಸರಿಯಾದ ಸಮಯಕ್ಕೆ ಬಸ್ಸಿನಲ್ಲಿ ಕೂತೆವು. ಕೂತೇ ಇದ್ದೆವು! ಯಾಕೆಂದರೆ ನಮ್ಮದೇ ಬಸ್ಸಿನ ಐದಾರು ಜನ ಇನ್ನೂ ಬಂದಿರಲಿಲ್ಲ. ಇಪ್ಪತ್ತು ನಿಮಿಷ ತಡವಾಗಿ ಬಂದರು, ಜಲಪಾತದ ಬುಡಕ್ಕೇ ಹೋಗಿ ಫೋಟೋ ತೆಗೆಸಿಕೊಂಡು. ಗೈಡು ನಗುನಗುತ್ತಾ ಲೆಕ್ಕ ಮಾಡಿ ಬಾಗಿಲು ಹಾಕಿಕೊಂಡ. "ಅಷ್ಟು ಹೊತ್ತು ಕಾಯ್ತಾರೆ ಅಂದ್ರೆ ನಾವೂ ನೋಡ್ಬೋದಿತ್ತಲ್ವಾ" ಅಂದಳು ಅಮ್ಮ. ನನಗೆ ಹೊಟ್ಟೆ ಉರಿಯಿತು. ಇನ್ನು ಹಡಗಿನವರ ಟೂರೇ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಮಾರನೇ ದಿನದ ಸ್ಕ್ಯಾಗ್‌ವೇ ನನ್ನ ತೀರ್ಮಾನಕ್ಕೆ ಇನ್ನಷ್ಟು ಗಾಳಿ ಹಾಕಿತು. ಅಲ್ಲಿ ವೈಟ್ ಪಾಸ್ ಅನ್ನುವ ಪುಟ್ಟ ರೈಲಿದೆ. ಕ್ಲಾಂಡೈಕ್‌ನ ಚಿನ್ನದ ಆಸೆಗೆ ಜನ ಮುಗಿಬಿದ್ದ ಕಾಲದಲ್ಲಿ, 1898ರಲ್ಲಿ ಶುರುಮಾಡಿ 1900ರಲ್ಲಿ ಮುಗಿಸಿದ ಮಾರ್ಗ. ಹಳಿಗಳ ನಡುವೆ ಮೂರೇ ಅಡಿ. ಸಮುದ್ರದ ಮಟ್ಟದಿಂದ 20 ಮೈಲಿಯಲ್ಲಿ ಸುಮಾರು 3,000 ಅಡಿ ಹತ್ತುತ್ತದೆ. ರೈಲು ಬರುವ ಮುಂಚೆ ಸಾಮಾನು ಹೊತ್ತು ಸತ್ತ ಸಾವಿರಾರು ಕುದುರೆಗಳ ಹೆಸರಲ್ಲೇ ಅಲ್ಲೊಂದು ಕಣಿವೆ ಇದೆ. ಈ ರೈಲಿನ ಟಿಕೆಟ್ಟನ್ನು ಹಡಗಿನವರೂ ಮಾರುತ್ತಾರೆ, ರೈಲಿನವರೂ ನೇರವಾಗಿ ಮಾರುತ್ತಾರೆ. ನಾನು ನೇರವಾಗಿ ತಗೊಂಡಿದ್ದೆ. ನಾವು ನೋಡಿದ್ದೂ ಅದೇ ಬೆಟ್ಟ, ಅವರು ನೋಡಿದ್ದೂ ಅದೇ ಬೆಟ್ಟ, ನಮಗೆ ದುಡ್ಡು ಉಳೀತು. ಅಪ್ಪ ಬೋಗಿಯ ಹೊರಗಿನ ಕಟ್ಟೆಯ ಮೇಲೆ ನಿಂತು, ಪ್ರಪಾತ ನೋಡುತ್ತಾ, "ಆಗುಂಬೆ ಘಾಟಿಯ ಹದಿನಾಲ್ಕು ತಿರುವಲ್ಲಿ ಬಸ್ಸು ಹೊಡಿಯೋರಿಗೆ ಇದೆಲ್ಲ ಎಂತ ಮಹಾ" ಅಂದರು. ಆದರೆ ವಾಪಸ್ ಬರುವವರೆಗೂ ಒಳಗೆ ಬರಲಿಲ್ಲ. ನನಗೋ ನನ್ನ ಎಕ್ಸೆಲ್ ಶೀಟಿನ ಮೇಲೆ ಅಪಾರ ಹೆಮ್ಮೆ.

ಆಮೇಲೆ ಬಂತು ಕೆಚಿಕಾನ್.

ನಮ್ಮ ಹಡಗು ನಿಂತದ್ದು ಊರಿನ ಮಧ್ಯದಲ್ಲೇ. ರಿಸ್ಕ್ ಕಾಲಂನಲ್ಲಿ "ಇಲ್ಲ" ಅಂತ ಬರೆದಿದ್ದೆ. ಹೊರಡುವ ಸಮಯ ಒಂದೂವರೆ, ಒಂದು ಗಂಟೆಯೊಳಗೆ ಎಲ್ಲರೂ ಹಡಗಿನಲ್ಲಿರಬೇಕು. ಬೆಳಿಗ್ಗೆ ಇಳಿಯುವಾಗ ಅಮ್ಮ ಇನ್ಸುಲಿನ್ ಪೆನ್ನನ್ನು ಬ್ಯಾಗಿಗೆ ಹಾಕಿಕೊಳ್ಳಲು ಹೋದಳು. "ಯಾಕಮ್ಮ ಸುಮ್ನೆ, ಊಟದ ಹೊತ್ತಿಗೆ ವಾಪಸ್ ಬರ್ತೀವಲ್ಲ, ಫ್ರಿಜ್ಜಲ್ಲೇ ಇರ್ಲಿ" ಅಂದವನು ನಾನೇ. ಪಾಸ್‌ಪೋರ್ಟ್‌ಗಳು ಲಾಕರಿನಲ್ಲಿದ್ದವು. ಅದೂ ನನ್ನ ಸಲಹೆಯೇ.

ಮಳೆ ಹುಯ್ಯುತ್ತಿತ್ತು. ಕೆಚಿಕಾನ್‌ನಲ್ಲಿ ವರ್ಷಕ್ಕೆ ಸುಮಾರು 140ರಿಂದ 150 ಇಂಚು ಮಳೆಯಂತೆ. ಅದನ್ನು ಹೆಮ್ಮೆಯಿಂದ ತೋರಿಸಲು ಬಂದರಿನ ಹತ್ತಿರ ಒಂದು ದೊಡ್ಡ ಮಳೆಮಾಪಕದ ಬೋರ್ಡೇ ಇದೆ. ಉಳಿದ ಪ್ರವಾಸಿಗರು ಅದರ ಮುಂದೆ ಬಾಯಿ ಬಿಟ್ಟು ನಿಂತಿದ್ದರೆ ಅಪ್ಪ ಕೊಡೆ ಬಿಚ್ಚಿ, "ಆಗುಂಬೆಯ ಅರ್ಧ" ಅಂತ ಒಂದೇ ಮಾತಲ್ಲಿ ಮುಗಿಸಿ ಮುಂದೆ ನಡೆದರು.

ಆ ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು ಅಂದರೆ, ಈಗ ನೆನೆಸಿಕೊಂಡರೂ ಖುಷಿಯಾಗುತ್ತೆ. ಹೊಳೆಯ ಮೇಲೆ ಕಂಬಗಳ ಮೇಲೆ ನಿಂತ ಮರದ ಮನೆಗಳ ಕ್ರೀಕ್ ಸ್ಟ್ರೀಟ್. ಒಂದು ಕಾಲದಲ್ಲಿ ಅದು ವೇಶ್ಯೆಯರ ಕೇರಿ, ಈಗ ಅಂಗಡಿಗಳು. ಅಮ್ಮ ಬೋರ್ಡು ತೋರಿಸಿ "ಏನು ಬರ್ದಿದೆ?" ಅಂದಾಗ "ಹಳೇ ಮನೆಗಳಂತೆ" ಅಂದು ತಪ್ಪಿಸಿಕೊಂಡೆ. ಹೊಳೆಯಲ್ಲಿ ಸಾಲ್ಮನ್ ಮೀನುಗಳು ನೀರಿಗೆ ಎದುರಾಗಿ ಹಾರಿ ಹಾರಿ ಬೀಳುತ್ತಿದ್ದವು. ಹುಟ್ಟಿದ ಹೊಳೆಗೇ ವಾಪಸ್ ಬಂದು ಮೊಟ್ಟೆ ಇಟ್ಟು ಸಾಯುತ್ತವೆ ಅಂದೆ. ಅಮ್ಮ ಕಟ್ಟೆ ಹಿಡಿದುಕೊಂಡು ಅರ್ಧ ಗಂಟೆ ನೋಡಿದಳು. ಯಾವ ಗೈಡೂ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಒಂದು ಮೀನು ದಾಟಿದಾಗ ಚಪ್ಪಾಳೆ ತಟ್ಟಿದಳು. ನಮ್ಮಮ್ಮ ಚಪ್ಪಾಳೆ ತಟ್ಟಿದ್ದು ನಾನು ಕೊನೇ ಸಲ ನೋಡಿದ್ದು ನನ್ನ ಸ್ಕೂಲ್ ಡೇನಲ್ಲಿರಬೇಕು.

ಅಲ್ಲಿಂದ ಊರಿನ ಬಸ್ಸು ಹತ್ತಿ ನಾಲ್ಕು ಕಿಲೋಮೀಟರ್ ದೂರದ ಸ್ಯಾಕ್ಸ್‌ಮನ್ ಅನ್ನುವ ಹಳ್ಳಿಗೆ ಹೋದೆವು. ಟ್ಲಿಂಗಿಟ್ ಮೂಲನಿವಾಸಿಗಳ ಹಳ್ಳಿ, ಟೋಟೆಮ್ ಕಂಬಗಳಿಗೆ ಹೆಸರುವಾಸಿ. ನಮ್ಮದೇ ಹಡಗಿನ ಟೂರಿನವರೂ ಅಲ್ಲಿದ್ದರು. ಅವರ ಗೈಡು ಹೇಳುತ್ತಿದ್ದುದನ್ನು ನಾವು ಪಕ್ಕದಲ್ಲಿ ನಿಂತು ಬಿಟ್ಟಿ ಕೇಳಿಸಿಕೊಂಡೆವು. ಒಂದು ಕಂಬದ ಮೇಲಿನ ಮನುಷ್ಯ ವಿಲಿಯಂ ಸೀವರ್ಡ್. 1867ರಲ್ಲಿ ರಷ್ಯಾದಿಂದ 72 ಲಕ್ಷ ಡಾಲರಿಗೆ ಅಲಾಸ್ಕಾವನ್ನು ಕೊಳ್ಳುವ ಒಪ್ಪಂದ ಮಾಡಿದವನು. 1869ರಲ್ಲಿ ಇಲ್ಲಿಗೆ ಬಂದಾಗ ಟ್ಲಿಂಗಿಟ್ ಮುಖಂಡ ಭಾರೀ ಔತಣ, ಉಡುಗೊರೆ ಕೊಟ್ಟನಂತೆ. ಇವನು ತಿರುಗಿ ಏನನ್ನೂ ಕೊಡಲಿಲ್ಲವಂತೆ. ಅದಕ್ಕೆ ಅವನನ್ನು ಹಂಗಿಸಲು ನಿಲ್ಲಿಸಿದ ಕಂಬ ಅದು! ಕಥೆಯನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ, "ಮತ್ತೆ? ಉಂಡು ಹೋಗಿ ತಿರುಗಿ ಕರೀದೇ ಇದ್ರೆ ಎಂತ ಮಾಡ್ಬೇಕು" ಅಂದಳು. ಆಮೇಲೆ ದನಿ ತಗ್ಗಿಸಿ, "ನಾವು ದುಡ್ಡು ಕೊಡ್ದೇ ಕೇಳ್ತಿದೀವಲ್ಲ, ಪರವಾಗಿಲ್ವಾ?" ಅಂದಳು.

ವಾಪಸ್ ಹೋಗಲು ಬಸ್‌ಸ್ಟಾಪಿಗೆ ಬಂದೆವು. ಅಪ್ಪ ಅಭ್ಯಾಸಬಲದಿಂದ ಅಲ್ಲಿ ಅಂಟಿಸಿದ್ದ ವೇಳಾಪಟ್ಟಿ ಓದಿದರು. ವಾಚು ನೋಡಿದರು. ಮತ್ತೆ ಓದಿದರು.

"ಮುಂದಿನ ಬಸ್ಸಿಗೆ ಹೋದ್ರೆ ಹಡಗು ಸಿಗಲ್ಲ. ಈಗ ಹನ್ನೆರಡು ಇಪ್ಪತ್ತು."

ನಾನು ಫೋನ್ ನೋಡಿದೆ. 11:20.

"ಇಲ್ಲಪ್ಪ, ಹನ್ನೊಂದು ಇಪ್ಪತ್ತು. ನಿಮ್ಮ ವಾಚು ಒಂದು ಗಂಟೆ ಮುಂದಿದೆ."

"ಹನ್ನೆರಡು ಇಪ್ಪತ್ತು ಕಣೋ."

"ಅಪ್ಪಾ, ಫೋನು ಟವರಿಂದ ಟೈಮ್ ತಗೊಳತ್ತೆ. ತಪ್ಪಾಗಕ್ಕೆ ಚಾನ್ಸೇ ಇಲ್ಲ. ನಿಮ್ದು ಕೀ ಕೊಡೋ ವಾಚು. ಸುಮ್ನೆ ಟೆನ್ಶನ್ ಮಾಡ್ಕೋಬೇಡಿ, ಕೂತ್ಕೊಳ್ಳಿ."

ನಾನು ಆ ಮಾತನ್ನು ಯಾವ ದನಿಯಲ್ಲಿ ಹೇಳಿದೆ ಅನ್ನುವುದು ನನಗೆ ಗೊತ್ತು. ಆಫೀಸಿನಲ್ಲಿ ಹೊಸಬರು ದಡ್ಡ ಪ್ರಶ್ನೆ ಕೇಳಿದಾಗ ಬರುವ ದನಿ ಅದು. ಅಪ್ಪ ಏನೂ ಅನ್ನಲಿಲ್ಲ. ಕೂರಲೂ ಇಲ್ಲ. ಶರ್ಟಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಕಾಗದ ತೆಗೆದು ನನ್ನ ಕೈಗಿಟ್ಟರು. ದಿನಾ ರಾತ್ರಿ ಕ್ಯಾಬಿನ್ನಿನಲ್ಲಿ ಇಟ್ಟು ಹೋಗುವ, ನಾಳೆಯ ಕಾರ್ಯಕ್ರಮಗಳ ಹಾಳೆ. ನಾನು ಅದನ್ನು ಒಂದು ದಿನವೂ ಓದಿರಲಿಲ್ಲ, ಆ್ಯಪ್ ಇದೆಯಲ್ಲ ಅಂತ. ಹಾಳೆಯ ತಲೆಯಲ್ಲೇ ದಪ್ಪ ಅಕ್ಷರದಲ್ಲಿತ್ತು: ಇಂದು ರಾತ್ರಿ ಗಡಿಯಾರವನ್ನು ಒಂದು ಗಂಟೆ ಮುಂದಿಡಿ, ದಯವಿಟ್ಟು ಹಡಗಿನ ಸಮಯವನ್ನೇ ಅನುಸರಿಸಿ.

ಅಲಾಸ್ಕಾದ ಗಡಿಯಾರ ಸಿಯಾಟಲ್‌ನದಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ವಾಪಸ್ ಹೊರಟದ್ದರಿಂದ ಹಿಂದಿನ ರಾತ್ರಿಯೇ ಸಿಯಾಟಲ್ ಟೈಮಿಗೆ ಬದಲಾಗಿತ್ತು. ನನ್ನ ಫೋನು ಕೆಚಿಕಾನ್ ಟವರ್ ಹಿಡಿದು ಅಲಾಸ್ಕಾ ಟೈಮ್ ತೋರಿಸುತ್ತಿತ್ತು. ವರ್ಷಗಟ್ಟಲೆ ಟೈಮ್‌ಜೋನ್ ಬಗ್ ಸರಿಮಾಡಿ ಸಂಬಳ ತಗೊಂಡವನು ನಾನು!

ಇದ್ದದ್ದು ನಲವತ್ತು ನಿಮಿಷ. ನನಗೆ ಮೊದಲು ಹೊಳೆದದ್ದು ಅಮ್ಮನ ಇನ್ಸುಲಿನ್. ಆಮೇಲೆ ಲಾಕರಿನ ಪಾಸ್‌ಪೋರ್ಟು. ಕೆಚಿಕಾನ್ ಇರುವುದು ದ್ವೀಪದ ಮೇಲೆ. ಹೊರಗೆ ಹೋಗುವ ರಸ್ತೆ ಇಲ್ಲ. ವಿಮಾನ ನಿಲ್ದಾಣ ಕೂಡ ಎದುರಿನ ಬೇರೆ ದ್ವೀಪದಲ್ಲಿದೆ, ಅದಕ್ಕೆ ಫೆರಿ ಹತ್ತಿ ಹೋಗಬೇಕು. ಕೈಕಾಲು ತಣ್ಣಗಾಯಿತು. ಟ್ಯಾಕ್ಸಿಗೆ ಅಂತ ಫೋನಿನಲ್ಲಿ ಆ್ಯಪ್ ತೆಗೆದರೆ ಒಂದೂ ಕಾರು ತೋರಿಸಲಿಲ್ಲ.

ನಮ್ಮ ಹಡಗಿನ ಟೂರ್ ಬಸ್ಸು ಅಲ್ಲೇ ನಿಂತಿತ್ತು. ಓಡಿ ಹೋಗಿ ಡ್ರೈವರಮ್ಮನನ್ನು ಕೇಳಿದೆ, ಮೂರು ಸೀಟಿದ್ದರೆ ದುಡ್ಡು ಕೊಡ್ತೀನಿ ಅಂದೆ. ಆಕೆ ಬೇಜಾರಿನಿಂದಲೇ ತಲೆಯಾಡಿಸಿದಳು. ಪಟ್ಟಿಯಲ್ಲಿ ಇಲ್ಲದವರನ್ನು ಹತ್ತಿಸುವ ಹಾಗಿಲ್ಲವಂತೆ. ಆದರೆ ತನ್ನ ಫೋನಿನಿಂದಲೇ ಊರಿನ ಟ್ಯಾಕ್ಸಿಯವರಿಗೆ ಫೋನ್ ಮಾಡಿ, ವಯಸ್ಸಾದವರಿದ್ದಾರೆ, ಬೇಗ ಬನ್ನಿ ಅಂದಳು. ನಾನು ಅವಳನ್ನು ಮನಸ್ಸಲ್ಲೇ ಬೈದುಕೊಳ್ಳುತ್ತಿದ್ದೆ. ಅಪ್ಪ ಮಾತ್ರ, "ನಾನಾಗಿದ್ರೂ ಟಿಕೆಟ್ ಇಲ್ಲದೋರನ್ನ ಹತ್ತಿಸ್ತಿರಲಿಲ್ಲ. ಫೋನ್ ಮಾಡಿದ್ದು ದೊಡ್ಡದು" ಅಂದರು.

ಟ್ಯಾಕ್ಸಿ ಬರಲು ಹದಿನೈದು ನಿಮಿಷ. ಅಷ್ಟು ಉದ್ದದ ಹದಿನೈದು ನಿಮಿಷವನ್ನು ನಾನು ಜೀವನದಲ್ಲಿ ಕಂಡಿಲ್ಲ. ಅಮ್ಮ ಕೊಡೆ ಹಿಡಿದು ಮಣಮಣ ಅಂತ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು. ಹನ್ನೆರಡು ಐವತ್ತೆರಡಕ್ಕೆ ಹಡಗಿನ ಏಣಿ ಹತ್ತಿದೆವು. ಅಪ್ಪನ ವಾಚಿನಲ್ಲಿ.

ಅಮ್ಮನಿಗೆ ಇನ್ಸುಲಿನ್ ಆಗಿ, ಊಟ ಆಗಿ, ಅವಳು ಮಲಗಿದ ಮೇಲೆ ಮೇಲಿನ ಡೆಕ್ಕಿಗೆ ಹೋದೆ. ಅಪ್ಪ ಕಟಕಟೆಗೆ ಒರಗಿ ಕೆಳಗೆ ನೋಡುತ್ತಿದ್ದರು. ಒಂದೂ ಮುಕ್ಕಾಲು ಆಗಿತ್ತು, ಹಡಗು ಹೊರಟಿರಲಿಲ್ಲ. ಹಡಗಿನ ಇನ್ನೊಂದು ಟೂರಿನ ಬಸ್ಸು ಎಲ್ಲೋ ಸಿಕ್ಕಿಹಾಕಿಕೊಂಡಿತ್ತಂತೆ. ಕೊನೆಗೆ ಅದು ಬಂತು. ನಲವತ್ತು ಜನ ನಿಧಾನಕ್ಕೆ ಇಳಿದು, ಕೊಡೆ ಕೊಡವಿ, ಫೋಟೋ ತೆಗೆದುಕೊಂಡು ಹತ್ತಿದರು. ಆಮೇಲೆ ಏಣಿ ಎಳೆದುಕೊಂಡರು.

"ನೋಡಿ, ಅವರಿಗೆ ಮುಕ್ಕಾಲು ಗಂಟೆ ಕಾದ್ರು. ನಮಗೆ ಐದು ನಿಮಿಷ ಕಾಯ್ತಿರಲಿಲ್ಲ" ಅಂದೆ.

"ಅವರು ಹಡಗಿನ ಬಸ್ಸಲ್ಲಿ ಹೋದೋರು. ಹಡಗಿನವರಿಗೆ ಅವರು ಎಲ್ಲಿದಾರೆ ಅಂತ ಗೊತ್ತು. ನಾವು ಎಲ್ಲಿದೀವಿ ಅಂತ ಯಾರಿಗೆ ಗೊತ್ತು? ಬರ್ತೀವೋ ಇಲ್ವೋ ಅಂತ ಗೊತ್ತಿಲ್ದೇ ಎಷ್ಟು ಹೊತ್ತು ಕಾಯದು?" ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ನಾನೂ ಒಂದ್ಸಲ ರಾತ್ರಿ ಬಸ್ಸು ಹತ್ತು ನಿಮಿಷ ನಿಲ್ಸಿದ್ದೆ. ಒಬ್ಬ ಅಜ್ಜಿ ನೀರು ತರಕ್ಕೆ ಇಳಿದೋರು ದಾರಿ ತಪ್ಪಿದ್ರು. ಸೀಟಿನ ಮೇಲೆ ಗಂಟು ಇತ್ತು, ಹಾಗಾಗಿ ಬರ್ತಾರೆ ಅಂತ ಗೊತ್ತಿತ್ತು. ಮೆಮೋ ಬಂತು ನಂಗೆ."

ಈ ಕಥೆ ನಾನು ಕೇಳಿರಲೇ ಇಲ್ಲ.

"ಸಾರಿ ಅಪ್ಪ" ಅಂತ ಹೇಳಬೇಕು ಅಂತ ನಾಲಿಗೆ ತುದಿಗೆ ಬಂತು. ನಮ್ಮ ಮನೆಯಲ್ಲಿ ಹಾಗೆಲ್ಲ ಹೇಳಿ ಅಭ್ಯಾಸ ಇಲ್ಲ. "ನನ್ನ ಫೋನು ತಪ್ಪು ತೋರಿಸ್ತಿತ್ತು" ಅಂದೆ.

"ಫೋನು ಸರಿಯಾಗೇ ತೋರಿಸ್ತಿತ್ತು. ಅದು ಆ ಊರಿನ ಟೈಮು. ನಾವು ಯಾವ ಬಸ್ಸಿಗೆ ಹೋಗ್ಬೇಕೋ ಆ ಸ್ಟ್ಯಾಂಡಿನ ಗಡಿಯಾರ ನೋಡ್ಬೇಕು, ಅಷ್ಟೇ."

ಮಾರನೇ ಸಂಜೆ ವಿಕ್ಟೋರಿಯಾ ಬಂತು. ಎಕ್ಸೆಲ್ ಶೀಟು ತೆಗೆಯಲಿಲ್ಲ. ಆ ದಿನದ ಹಾಳೆಯನ್ನು ಅಪ್ಪನ ಕೈಗೆ ಕೊಟ್ಟು, "ನೀವೇ ಕಂಟ್ರೋಲರ್" ಅಂದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನಡೆದೇ ಹೋಗೋಣ, ಅಮ್ಮನಿಗೆ ಸುಸ್ತಾದರೆ ಟ್ಯಾಕ್ಸಿ, ಹತ್ತೂವರೆಗೆ ಹಡಗಲ್ಲಿರಬೇಕು ಅಂದರು. ಬಂದರಿನ ಪಕ್ಕದ ಶಾಸನಸಭೆ ಕಟ್ಟಡಕ್ಕೆ ಸಾಲುದೀಪ ಹತ್ತಿದ್ದನ್ನು ನೋಡಿ ಅಮ್ಮ, "ಮೈಸೂರು ಅರಮನೆ ಥರ ಇದೆ" ಅಂದಳು. ಹತ್ತು ಇಪ್ಪತ್ತೈದಕ್ಕೆ ಹಡಗಿನಲ್ಲಿದ್ದೆವು. ಇನ್ಸುಲಿನ್ ಪೆನ್ನು ಈ ಸಲ ಅಮ್ಮನ ಬ್ಯಾಗಿನಲ್ಲೇ ಇತ್ತು.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಹಡಗಿನಿಂದ ನಡೆದು ಹೋಗಿ ನಡೆದು ಬರುವಷ್ಟು ದೂರದ್ದಾದರೆ ನೀನೇ ಹೋಗು. ಮೀನು ಹಾರುವುದನ್ನು ಅರ್ಧ ಗಂಟೆ ನೋಡುವ ಸುಖ ಯಾವ ಟೂರಿನಲ್ಲೂ ಸಿಗಲ್ಲ. ಸ್ಕ್ಯಾಗ್‌ವೇ ರೈಲಿನಂಥದ್ದಾದರೆ ಎರಡೂ ಕಡೆಯ ರೇಟು ನೋಡಿ, ಹಡಗು ಹೊರಡುವುದಕ್ಕೆ ತುಂಬಾ ಮೊದಲೇ ವಾಪಸ್ ಬರುವ ರೈಲನ್ನು ಹಿಡಿ. ವಾಪಸ್ ಬರಲು ವಾಹನವನ್ನೇ ನಂಬಬೇಕಾದ ಜಾಗ, ಅದರಲ್ಲೂ ಹಡಗು ಬೇಗ ಹೊರಡುವ ದಿನವಾದರೆ, ದುಡ್ಡು ಹೋದರೂ ಹಡಗಿನವರ ಟೂರೇ ಸರಿ. ಆ ಹೆಚ್ಚಿನ ದುಡ್ಡು ಗೈಡಿಗಲ್ಲ, ನೀನು ಎಲ್ಲಿದ್ದೀಯ ಅಂತ ಯಾರಿಗೋ ಗೊತ್ತಿರುತ್ತಲ್ಲ, ಅದಕ್ಕೆ. ಹೇಗೇ ಹೋದರೂ ಮಾತ್ರೆ, ಇನ್ಸುಲಿನ್, ಪಾಸ್‌ಪೋರ್ಟು ಜೊತೆಯಲ್ಲಿರಲಿ. ಕೈಲೊಂದು ವಾಚು ಕಟ್ಟಿಕೊಂಡು ಹಡಗಿನ ಟೈಮಿಗೆ ಇಟ್ಟುಕೋ.

ಇನ್ನೊಂದು ಮಾತು ಅವನಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಮೂವತ್ತು ವರ್ಷ ಜನರನ್ನು ಊರಿಂದೂರಿಗೆ ಮುಟ್ಟಿಸಿದವರಿಗೆ "ಸುಮ್ನೆ ಕೂತ್ಕೊಳ್ಳಿ" ಅಂದೆನಲ್ಲ, ಅದು ಇನ್ನೂ ಚುಚ್ಚುತ್ತದೆ. ಹೊರಡುವ ಮೊದಲು ಆ ಶೀಟನ್ನು ಅಪ್ಪನಿಗೊಮ್ಮೆ ತೋರಿಸಿದ್ದರೆ ರಿಸ್ಕ್ ಕಾಲಂ ನೋಡಿ ಖಂಡಿತ ಏನಾದರೂ ಹೇಳುತ್ತಿದ್ದರು.

ಮೊನ್ನೆ ಭಾನುವಾರ ಫೋನ್ ಮಾಡಿದಾಗ ಅಪ್ಪ ಕೇಳಿದರು, "ಅಲ್ಲಿ ಈಗ ಗಂಟೆ ಎಷ್ಟು?" ಹೇಳಿದೆ. "ಹಡಗಿನ ಟೈಮಾ, ಊರಿನ ಟೈಮಾ?" ಅಂದು ನಕ್ಕರು.

ನೀವು ಅಪ್ಪ-ಅಮ್ಮನನ್ನು ಎಲ್ಲಾದರೂ ಕರೆದುಕೊಂಡು ಹೋಗಿದ್ದೀರಾ? ಪ್ಲಾನ್ ಯಾರದಿತ್ತು? ಬರೆಯಿರಿ, ಓದುತ್ತೇನೆ.